ಟ್ಯಾಬ್ ಕೇಳಿದ ಕಾರಣ

"ಹನ್ನೆರಡು ನಿಮಿಷ ತಡ. ಕಾರಣ?" ಎಂದು ಭಾನುವಿನ ಕೈಯಲ್ಲಿದ್ದ ಟ್ಯಾಬ್ ಕೇಳುತ್ತಿತ್ತು. ಹೊಸೂರಿನ ಬಳಿಯ ದೊಡ್ಡ ಫೋನ್ ಕಾರ್ಖಾನೆಯಲ್ಲಿ ಅವಳು ಲೈನ್ ಲೀಡರ್ ಆಗಿ ಅಂದಿಗೆ ಮೂರು ದಿನವಾಗಿತ್ತು. ಶೌಚಾಲಯದಿಂದ ತಡವಾಗಿ ಬಂದವಳು ಅವಳ ಜೊತೆಯಲ್ಲೇ ಕೆಲಸಕ್ಕೆ ಸೇರಿದ್ದ ಕೆಲಮಂಗಲದ ಮುನಿರತ್ನ.

"ಒಟ್ಟೆನೋವು ಕಣೆ. ಬರ್ಕೊ, ನಿನ್ ಕೆಲ್ಸ ಅದು," ಎಂದಳು ಮುನಿರತ್ನ, ಬೇಸರವಿಲ್ಲದೆ.

ಭಾನುವಿನ ಬೆರಳು ಟ್ಯಾಬಿನ ಮೇಲೆ ನಿಂತಿತು. ಹೊಟ್ಟೆನೋವೆಂದು ಬರೆದರೆ ಮುನಿರತ್ನಳ ಸಂಬಳ ಕಡಿತ; ಸುಳ್ಳು ಬರೆದು ಸಿಕ್ಕಿಬಿದ್ದರೆ ತನ್ನ ಕೆಲಸಕ್ಕೇ ಕುತ್ತು. ಲೀಡರ್ ಆದಳೆಂದೇ ಮನೆಯಲ್ಲಿ ಅವಳ ಮದುವೆಯ ಮಾತು ಕೈಬಿಟ್ಟಿದ್ದರು. ಈ ಕೆಲಸ ಹೋದರೆ ತಿಂಗಳೊಳಗೆ ಗಂಡು ನೋಡುತ್ತಾರೆ.

ಆದರೂ "ಲೀಡರ್ ಕಳಿಸಿದ್ದು" ಎಂದು ಬರೆದು, ಕೆಳಗೆ ತನ್ನ ಸಿಬ್ಬಂದಿ ನಂಬರು ಒತ್ತಿದಳು.

"ನಿನ್ನ ಕೇಳ್ತಾರೆ ಕಣೆ."

"ಕೇಳ್ಲಿ. ಇನ್ನೈದು ನಿಮಿಷ ಕೂತ್ಕೊಂಡು ಬಾ, ಓಗು," ಎಂದು ಭಾನು ಅವಳ ಜಾಗದಲ್ಲಿ ನಿಂತು ಸ್ಕ್ರೂ ತಿರುಗಿಸತೊಡಗಿದಳು.