ಡಂಪ್ ಓದಿದ ಸುನಂದಾ ಮೇಡಂ

ಎರಡು ನಿಮಿಷ ಬಿಡುವು ಮಾಡಿಕೊಂಡು ಓದಿ... ಇದು ನನ್ನ ಕಣ್ಣೆದುರೇ ನಡೆದದ್ದು.

ಹುಬ್ಬಳ್ಳಿಯಲ್ಲಿ ನಮ್ಮದೊಂದು ಚಿಕ್ಕ ಸಾಫ್ಟ್‌ವೇರ್ ಕಂಪನಿ. ಒಂದು ಆಂಬ್ಯುಲೆನ್ಸ್ ಕಂಟ್ರೋಲ್ ರೂಮಿನ ಕಂಪ್ಯೂಟರ್ ನೋಡಿಕೊಳ್ಳುವುದು ನಮ್ಮ ಕೆಲಸ. ನಾನು ಅಲ್ಲಿ ಮ್ಯಾನೇಜರ್.

ಒಂದೇ ವಾರದಲ್ಲಿ ಆ ಕಂಪ್ಯೂಟರ್ ಎರಡು ಸಲ ಕ್ರ್ಯಾಶ್ ಆಯಿತು.

ಎರಡನೇ ಸಲ ಹನ್ನೊಂದು ನಿಮಿಷ ಫೋನ್‌ಗಳೆಲ್ಲ ಸ್ತಬ್ಧ... ಹೆರಿಗೆ ನೋವು ತಿನ್ನುತ್ತಿದ್ದ ಹೆಂಡತಿಯನ್ನು ಒಬ್ಬರು ಟಂಟಂ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ದೇವರ ದಯೆ, ತಾಯಿ ಮಗು ಇಬ್ಬರೂ ಕ್ಷೇಮ.

ಕಂಪ್ಯೂಟರ್ ಕ್ರ್ಯಾಶ್ ಆಗುವ ಕ್ಷಣದಲ್ಲಿ ತನ್ನ ಮೆಮೊರಿಯಲ್ಲಿದ್ದದ್ದನ್ನು ಒಂದು ಫೈಲಿಗೆ ಬರೆದಿಡುತ್ತದೆ. ಅದೇ ಕ್ರ್ಯಾಶ್ ಡಂಪ್. ಅದನ್ನು ಪರೀಕ್ಷಿಸುವ ಟೂಲ್‌ಗೆ ಹಾಕಿದೆ.

ಟೂಲ್ ತೋರಿಸಿದ್ದು ರೇಷ್ಮಾ ಮುಲ್ಲಾ ಬರೆದ ಕೋಡನ್ನು...

ರೇಷ್ಮಾ ಮಕ್ಕಳಿಗಾಗಿ ಆರು ವರ್ಷ ಕೆಲಸ ಬಿಟ್ಟಿದ್ದವರು. ನಮ್ಮಲ್ಲಿ ಸೇರಿ ಎರಡೇ ತಿಂಗಳಾಗಿತ್ತು. ಇನ್ನೂ ಪ್ರೊಬೇಷನ್.

ಮೀಟಿಂಗಿನಲ್ಲಿ ಎಲ್ಲರ ಮುಂದೆ ಅವರ ಹೆಸರು ಹೇಳಿದೆ.

"ನಾ ಮತ್ತ ಮತ್ತ ಚೆಕ್ ಮಾಡೇನ್ರೀ ಸರ್... ನನಗೇನೂ ತಪ್ಪು ಕಾಣವಲ್ದು" ಎಂದರು.

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವರನ್ನು ಕೆಲಸದಿಂದ ತೆಗೆಯುವ ಮೇಲ್ ಟೈಪ್ ಮಾಡಿಟ್ಟೆ.

ಆಗ ನನ್ನ ಕ್ಯಾಬಿನ್‌ಗೆ ಬಂದರು ಸುನಂದಾ ಹಂಚಿನಮನಿ ಮೇಡಂ. ಐವತ್ತಾರು ವರ್ಷ. ಕಂಪನಿ ಶುರುವಾದ ದಿನದಿಂದ ಇರುವ ಎಂಜಿನಿಯರ್.

"ಡಂಪ್ ಪೂರ್ತಿ ಓದೀರೇನ್ರೀ?"

"ಟೂಲ್‌ನಾಗ ಹೆಸರು ಬಂದೈತಲ್ರೀ ಮೇಡಂ."

"ಅದು ಬಿದ್ದಾಕಿ ಹೆಸರ್ರೀ. ನೂಕಿದವರ ಹೆಸರಲ್ಲ."

ಕುರ್ಚಿ ಎಳೆದುಕೊಂಡು ಕುಳಿತೇಬಿಟ್ಟರು.

ಸ್ಕ್ರೀನ್ ತುಂಬ ಅಂಕಿ, ಅಕ್ಷರಗಳ ಸಾಲು ಸಾಲು... ನನಗೆ ಇರುವೆ ಹರಿದಂತೆ ಕಾಣುತ್ತಿತ್ತು. ಮೇಡಂ ಅದನ್ನು ದಿನಪತ್ರಿಕೆಯಂತೆ ಓದುತ್ತಿದ್ದರು!

ಹಾಳೆಯ ಮೇಲೆ ನಕ್ಷೆ ಬರೆಯತೊಡಗಿದರು. ಇಡೀ ಕಂಪ್ಯೂಟರನ್ನು ಒಳಗಿಂದ ನಡೆಸುವ ಕರ್ನಲ್‌ನ ಮೆಮೊರಿ ಎಲ್ಲಿಂದ ಎಲ್ಲಿಯವರೆಗೆ, ಅದರೊಳಗೆ ಯಾರ ಕೋಡಿಗೆ ಎಷ್ಟು ಜಾಗ, ಯಾರ ಪಕ್ಕ ಯಾರು... ಬಡಾವಣೆಯ ಸೈಟುಗಳನ್ನು ಗುರುತು ಮಾಡಿದ ಹಾಗೆ.

ಮೂರು ತಾಸು ಕಳೆಯಿತು. ತರಿಸಿದ ಚಹಾ ಆರಿಹೋಯಿತು.

ಕೊನೆಗೆ ಅವರ ಪೆನ್ನು ಒಂದು ಕಡೆ ನಿಂತಿತು.

"ನೋಡ್ರಿ, ಇದು ರೇಷ್ಮಾನ ಜಾಗ. ಪಕ್ಕದ ಕೋಡ್ ತನ್ನ ಗೆರಿ ದಾಟಿ ಆಕಿ ಜಾಗದಾಗ ಬರದೈತಿ. ಅದಕ್ಕ ಆಕಿದು ಬಿದ್ದೈತಿ."

"ಆ ಪಕ್ಕದ ಕೋಡ್ ಯಾರದು ಮೇಡಂ?"

ಮೇಡಂ ಕನ್ನಡಕ ತೆಗೆದರು.

"ನಂದು."

ನಾನು ಅವರ ಮುಖ ನೋಡಿದೆ.

"ಹನ್ನೊಂದು ವರ್ಷದ ಹಿಂದ ಬರದದ್ರೀ. ಒಮ್ಮೆಲೆ ಮೂವತ್ತೆರಡು ಕಾಲ್‌ಗಿಂತ ಹೆಚ್ಚು ಬರಂಗಿಲ್ಲ ಅಂತ ತಿಳಕೊಂಡಿದ್ದೆ. ಹ್ವಾದ ತಿಂಗಳ ನಲವತ್ತು ಫೋನ್ ಲೈನ್ ಆದೂ. ಮೂವತ್ಮೂರನೇ ಕಾಲ್ ಬಂದ್ರ ಸಾಕು, ಆಕಿ ಜಾಗಕ್ಕ ನುಗ್ಗತೈತಿ."

ಆ ಡಂಪ್ ಓದಲು ಬರುತ್ತಿದ್ದದ್ದು ನಮ್ಮ ಆಫೀಸಿನಲ್ಲಿ ಅವರೊಬ್ಬರಿಗೆ ಮಾತ್ರ. ಅವರು ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ!

"ಮೇಡಂ, ಸುಮ್ಮನ ಸರಿ ಮಾಡಿಬಿಡೂಣು. ನಿಮ್ಮ ಹೆಸರ್ಯಾಕ..." ಎಂದೆ.

"ಆಕಿ ಹೆಸರು ಎಲ್ಲಾರ ಮುಂದ ಹೇಳೀರಿ. ನನ್ನ ಹೆಸರೂ ಎಲ್ಲಾರ ಮುಂದ ಹೇಳ್ರಿ."

ಅಷ್ಟು ಹೇಳಿ ನೇರವಾಗಿ ರೇಷ್ಮಾ ಅವರ ಟೇಬಲ್ ಬಳಿ ಹೋದರು.

"ತಂಗಿ, ತಪ್ಪು ನಂದಿತ್ತವಾ... ಮಾತು ನೀ ಕೇಳಬೇಕಾತು. ನನ್ನ ಕ್ಷಮಿಸು."

ರೇಷ್ಮಾ ಎದ್ದು ನಿಂತರು. ಮೇಡಂರ ಕೈ ಹಿಡಿದುಕೊಂಡು ಅತ್ತುಬಿಟ್ಟರು.

"ಅಳಬ್ಯಾಡ. ಬಾ, ಕೂಡು ಇಲ್ಲಿ. ಡಂಪ್ ಹೆಂಗ ಓದೂದು ಅಂತ ತೋರಸ್ತೀನಿ. ಇನ್ನೊಮ್ಮೆ ಯಾರರ ನಿನ್ನ ಹೆಸರು ಹೇಳಿದ್ರ, ನೀನ ಓದಿ ಉತ್ತರ ಕೊಡು."

ನಾನು ಆ ಮೇಲ್ ಅಳಿಸಿದೆ. ರೇಷ್ಮಾ ಅವರ ಕ್ಷಮೆ ಕೇಳಿ, ಮೇಡಂ ಹೇಳಿದಂತೆ ಅವರ ಹೆಸರನ್ನೂ ಹಾಕಿ ಇನ್ನೊಂದು ಬರೆದು ಎಲ್ಲರಿಗೂ ಕಳಿಸಿದೆ. ಮೇಡಂ ಸಂಜೆಯೊಳಗೆ ತಮ್ಮ ಕೋಡ್ ಸರಿಪಡಿಸಿದರು.

ನಾಲ್ಕನೇ ದಿನ ಹೈವೇಯಲ್ಲಿ ಬಸ್ಸೊಂದು ಪಲ್ಟಿಯಾಯಿತು. ಒಂದೇ ಸಲಕ್ಕೆ ಮೂವತ್ತೆಂಟು ಕಾಲ್... ಒಂದೂ ತಪ್ಪಲಿಲ್ಲ.

ಈಗ ನಮ್ಮ ಆಫೀಸಿನಲ್ಲಿ ಡಂಪ್ ಓದುವವರು ಇಬ್ಬರಿದ್ದಾರೆ.

*ತಪ್ಪು ಎಲ್ಲಿದೆ ಎಂದು ಕಂಡುಹಿಡಿಯುವುದು ಜಾಣತನ... ಅದು ನನ್ನದೇ ಎಂದು ಹೇಳುವುದು ದೊಡ್ಡತನ.*

ಯಾರಿಗೂ ಗೊತ್ತಾಗದ ನಿಮ್ಮ ತಪ್ಪೊಂದಕ್ಕೆ ಇನ್ನೊಬ್ಬರು ಮಾತು ಕೇಳಬೇಕಾಗಿ ಬಂದರೆ... ನೀವು ಎದ್ದು ನಿಂತು "ನಂದು" ಎನ್ನುತ್ತೀರಾ?