ಬೈರಮ್ಮ ಕೊಟ್ಟ ಮಾತ್ರೆ

ಗಂಡನ ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ, ರಕ್ಷಾ ಹಾಲು ಕಾಯಿಸುತ್ತಿದ್ದಾಗ ಆರೋಗ್ಯ ವಿಮಾ ಕಂಪನಿಯ ನರ್ಸ್ ಫೋನ್ ಮಾಡಿದಳು. ಆಸ್ಪತ್ರೆಯಿಂದ ಮನೆಗೆ ಮರಳಿದವರನ್ನು ವಿಚಾರಿಸುವುದು ಅವಳ ಕೆಲಸ.

"ವಿರೂಪಾಕ್ಷ ಸರ್ ಕಿಡ್ನಿ ಮಾತ್ರೆ ಸರಿಯಾಗಿ ತಗೋತಿದಾರಾ ಮೇಡಂ?"

"ಅವರು ತೀರ್ಕೊಂಡು ಹನ್ನೆರಡು ದಿನ ಆಯ್ತು."

"ಅಯ್ಯೋ, ಕ್ಷಮಿಸಿ ಮೇಡಂ. ಇಡ್ತೀನಿ."

"ಇಡಬೇಡಿ. ಇನ್ನೇನು ಕೇಳ್ಬೇಕಿತ್ತು?" ಇಷ್ಟು ದಿನಗಳಲ್ಲಿ ಮೊದಲ ಬಾರಿಗೆ ರಕ್ಷಾಳಿಗೆ ಏನನ್ನೋ ತಿಳಿಯಬೇಕೆನಿಸಿತ್ತು.

ನರ್ಸ್ ತಡವರಿಸಿದಳು. "ಬೇರೆಯವರ ಮಾತ್ರೆ ಏನಾದ್ರೂ ತಗೊಂಡ್ರಾ ಅಂತ. ಕಿಡ್ನಿ ಸರಿ ಇಲ್ದಿದ್ರೆ ನೋವಿನ ಮಾತ್ರೆ ಅಪಾಯ."

ಫೋನ್ ಇಟ್ಟು ರಕ್ಷಾ ಕೋಣೆಗೆ ಹೋಗಿ ಗಂಡನ ದಿಂಬು ಎತ್ತಿದಳು. ಅಡಿಯಲ್ಲಿ ನೋವಿನ ಮಾತ್ರೆಯ ಶೀಟು, ನಾಲ್ಕೇ ಉಳಿದಿದ್ದವು. ಸೊಂಟನೋವೆಂದು, ಕೆಳಮನೆಯ ಬೈರಮ್ಮಜ್ಜಿಯಿಂದ ಕಾಫಿಪುಡಿ ಕೇಳಿ ತರುವಷ್ಟೇ ಸಲೀಸಾಗಿ ತಂದಿದ್ದ.

ಅವಳು ಅದನ್ನು ಹಿಡಿದು ಮೆಟ್ಟಿಲಿಳಿದು ಹೋದಾಗ ಅಜ್ಜಿ ಶೀಟನ್ನು ನೋಡಿ ಕಣ್ಣೊರೆಸಿಕೊಂಡಳು. "ಇದ್ನ ತಿಂದು ನಿನ್ ಗಂಡ ನಾಕ್ ದಿನ ನೆಮ್ಮದಿಯಾಗಿ ಮಲಗ್ದ ಕಣವ್ವ. ನನ್ ಕೈಲಿ ಅಷ್ಟಾದ್ರೂ ಆಯ್ತಲ್ಲ."

ಆ ಮಾತ್ರೆಯೇ ಅವನ ಕಿಡ್ನಿ ಕೆಡಿಸಿರಬಹುದೆಂದು ಹೇಳಲು ಬಂದಿದ್ದ ರಕ್ಷಾ ಅಜ್ಜಿಯ ಪಕ್ಕ ಕೂತಳು.

"ಹೂಂ ಅಜ್ಜಿ, ಮಲಗಿದ್ರು," ಎಂದಳು. "ಆದ್ರೆ ಇನ್ಮೇಲೆ ಯಾರಿಗೂ ಕೊಡ್ಬೇಡಿ. ನೀವೂ ಡಾಕ್ಟ್ರನ್ನ ಕೇಳ್ದೆ ತಿನ್ಬೇಡಿ. ನಾನೇ ಕರ್ಕೊಂಡು ಹೋಗ್ತೀನಿ, ಈ ಮಾತ್ರೆ ಅವ್ರಿಗೆ ತೋರ್ಸೋಣ."

ಮಾತ್ರೆಗಳನ್ನು ಮುದುಕಿಯ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದಳು.