ಒಂದು ಗುಟುಕು ಪೆಟ್ರೋಲ್

ಬೈಕಿನ ಟ್ಯಾಂಕಿನಿಂದ ಪೆಟ್ರೋಲ್ ತೆಗೆಯಬೇಕೆಂದರೆ ಪೈಪಿನ ತುದಿಯನ್ನು ಬಾಯಲ್ಲಿಟ್ಟು ಎಳೆಯುವುದು ನಮ್ಮ ಗ್ಯಾರೇಜಿನ ರೂಢಿ. ಅವತ್ತು ಬೆಳಿಗ್ಗೆ ಹಾಗೆ ಎಳೆಯುವಾಗ ಚಂದ್ರಪ್ಪ ಒಂದು ಗುಟುಕು ನುಂಗಿಬಿಟ್ಟ. ಸಂಜೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದ. ಬಾಗಿಲ ಹೊರಗೆ ನಮ್ಮ ಮೇಸ್ತ್ರಿ ಅವನ ಹೆಂಡತಿಗೆ ಸಮಾಧಾನ ಹೇಳುತ್ತಿದ್ದರು.

"ಹೆದರಬೇಡಮ್ಮ. ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ನಾನೇ ಮೂರು ಸಲ ವಾಂತಿ ಮಾಡಿಸಿದೀನಿ. ವಿಷ ಎಲ್ಲ ಹೊರಗೆ ಬಂತು." ನನ್ನತ್ತ ಬೆರಳು ತೋರಿಸಿದರು. "ಈ ರುದ್ರೇಶ ಇದಾನಲ್ಲ, ವಾಂತಿ ಮಾಡಿಸಬಾರದು, ಸೀದಾ ಆಸ್ಪತ್ರೆಗೆ ಹೋಗೋಣ ಅಂತ ನನ್ನ ಕೈ ಹಿಡ್ಕೊಂಡಿದ್ದ. ಇವನ ಮಾತು ಕೇಳಿದ್ರೆ ನಿನ್ನ ಗಂಡ ಅಲ್ಲೇ ಹೋಗ್ತಿದ್ದ."

ಅವಳು ಮೇಸ್ತ್ರಿಗೆ ಕೈ ಮುಗಿದಳು. ಆಮೇಲೆ ನನ್ನನ್ನು ನೋಡಿ, "ನಮ್ಮನೆಯವರು ನಿಂಗೇನು ಮಾಡಿದ್ರಣ್ಣ?" ಎಂದಳು. ಅವಳು ಔಷಧಿ ಚೀಟಿ ಹಿಡಿದು ಕೆಳಗಿಳಿದು ಹೋದಳು.

ಅಷ್ಟರಲ್ಲಿ ಡಾಕ್ಟರು ಹೊರಗೆ ಬಂದರು.

"ನುಂಗಿದ್ದು ಒಂದೇ ಗುಟುಕು ತಾನೇ? ಅದು ಹೊಟ್ಟೇಲೇ ಇದ್ದಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ. ಪೆಟ್ರೋಲು ನೀರಿಗಿಂತ ತೆಳು. ವಾಂತಿ ಆಗುವಾಗ ಶ್ವಾಸಕೋಶಕ್ಕೆ ಇಳಿದು ಸುಟ್ಟುಹಾಕಿದೆ. ಇನ್ನು ನಮ್ಮ ಕೈಲಿಲ್ಲ. ಯಾರ್ರೀ ವಾಂತಿ ಮಾಡಿಸಿದ್ದು?"

ಮೇಸ್ತ್ರಿಯ ಕೈ ಮೆಲ್ಲಗೆ ನನ್ನ ಹೆಗಲ ಮೇಲೆ ಬಂದು ಕೂತಿತು.

"ಇವನೇ ಸಾರ್. ಬೇಡ ಬೇಡ ಅಂತ ಕೈ ಹಿಡ್ಕೊಂಡೆ, ಕೇಳಲಿಲ್ಲ."